ಬಿಸಿಲು, ಸೈಕಲ್, ಮೈಚರ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಸೈಕಲ್ ಹೊಡೆದು, ದಾರಿಯಲ್ಲಿ ಇಡ್ಲಿ ತಿನ್ನಲು ಕೂತಾಗ ಮಾತು ಸುತ್ತಿ ಸುತ್ತಿ ಎರಡೇ ವಿಷಯಕ್ಕೆ ಬರುತ್ತದೆ. ಒಂದು ಟೈರಿನ ಗಾಳಿ, ಇನ್ನೊಂದು ಮೈಯ ಬಣ್ಣ. ಗಾಳಿಯ ಬಗ್ಗೆ ಹೇಳಲು ನನಗಿಂತ ತಿಳಿದವರಿದ್ದಾರೆ. ಬಿಸಿಲಿನ ಬಗ್ಗೆ ಮಾತ್ರ ನಾನು ಸುಟ್ಟುಕೊಂಡೇ ಕಲಿತವನು. ಜೊತೆಗೆ ಓಡಿಸುವವರು, ನೆಂಟರು, ಕಾಗದ ಬರೆದವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ನನ್ನ ಲೆಕ್ಕ ಇಷ್ಟೇ: ಮೊದಲು ಗಡಿಯಾರ, ಆಮೇಲೆ ಬಟ್ಟೆ, ಬಟ್ಟೆ ಮುಚ್ಚದ ಕಡೆಗೆ ಕ್ರೀಮ್. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ, ಕ್ರೀಮ್ ಕೊಂಡ ಮೇಲೆ ಉಳಿದದ್ದನ್ನು ಯೋಚಿಸುತ್ತಾರೆ.

## ಶುರುವಿನ ಪ್ರಶ್ನೆಗಳು

ನಾವು ಮೊದಲೇ ಕಪ್ಪು. ನಮಗ್ಯಾಕೆ ಇದೆಲ್ಲ?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ಸುಡದಂತೆ ಎಷ್ಟು ತಡೆಯುತ್ತದೆ ಎಂದು ಅಳೆಯುವ, ಕ್ರೀಮಿನ ಟ್ಯೂಬಿನ ಮೇಲಿರುವ ಎಸ್‌ಪಿಎಫ್ ಲೆಕ್ಕದಲ್ಲಿ ಕಡು ಕಪ್ಪು ಚರ್ಮದ್ದೇ ಸುಮಾರು 13ರಷ್ಟು ಎಂಬ ಅಂದಾಜಿದೆ. ನಮ್ಮ ಗೋಧಿ ಬಣ್ಣ, ಎಣ್ಣೆಗೆಂಪು ಮೈಗೆ ಅದಕ್ಕಿಂತ ಕಡಿಮೆ. ಬಿಳಿಯರಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಬರುವುದಿಲ್ಲ, ಅದರ ಹೆದರಿಕೆ ಹುಟ್ಟಿಸಲಾರೆ. ನಮಗೆ ಬರುವುದು ಬೇರೆ: ಕತ್ತಿನ ಉರಿ, ಕೆನ್ನೆ ಮೇಲೆ ಬಂಗು, ಬೇಗ ಬೀಳುವ ಸುಕ್ಕು, ಗುಳ್ಳೆ ಹೋದರೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಹಾಗಾಗಿ ಸುಟ್ಟಿದ್ದು ಗೊತ್ತಾಗುವುದೇ ಲೇಟು.

ಇನ್ನೊಂದು ಮಾತು. ಕಪ್ಪಗಾಗುವುದು ರೋಗವಲ್ಲ. "ಬೆಳ್ಳಗಿರೋಕೆ ಏನು ಮಾಡಲಿ" ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ.

ಗಾಳಿ ಬೀಸ್ತಾ ಇರುತ್ತೆ, ಬಿಸಿಲೇ ಗೊತ್ತಾಗಲ್ಲ. ಆದ್ರೂ ಸುಡುತ್ತಾ?

ಸುಡುತ್ತದೆ. ಸೈಕಲ್ ಹೊಡೆಯುವವರು ಮೋಸ ಹೋಗುವುದೇ ಇಲ್ಲಿ. ಗಂಟೆಗೆ 20–25 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿ ಬೆವರನ್ನು ಒಣಗಿಸಿ ಮೈ ತಂಪು ಮಾಡುತ್ತಾ ಇರುತ್ತದೆ. ಆದರೆ ಚರ್ಮ ಸುಡುವುದು ಬಿಸಿಯಿಂದಲ್ಲ, ಬಿಸಿಲಿನಲ್ಲಿರುವ ಯುವಿ (ನೇರಳಾತೀತ) ಕಿರಣದಿಂದ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬೆಚ್ಚಗೂ ಅನಿಸುವುದಿಲ್ಲ. ಉರಿ ಶುರುವಾಗುವುದು ಮೂರ್ನಾಲ್ಕು ಗಂಟೆ ಕಳೆದ ಮೇಲೆ, ಜೋರಾಗುವುದು ಮಾರನೇ ದಿನ.

ನಾನು ಕಲಿತದ್ದು ಒಂದು ಫೆಬ್ರವರಿಯಲ್ಲಿ. ಕತ್ತಲಲ್ಲೇ ಹೊರಟು ನಂದಿಬೆಟ್ಟ ಹತ್ತಿದೆವು. ಮೇಲೆ ಚಳಿ, ಹಲ್ಲು ಕಟಕಟ. ಕಾಫಿ, ಫೋಟೋ, ಹರಟೆ ಎಂದು ಹೊತ್ತು ಹೋಯಿತು. ಇಳಿಯುವಾಗ ಹತ್ತೂವರೆ. ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿ, ಹಾಯಾಗಿ ಊರು ಸೇರಿದೆ. ಸಂಜೆ ಸ್ನಾನಕ್ಕೆ ನಿಂತು ಕತ್ತಿನ ಹಿಂದೆ ಬಿಸಿನೀರು ಬಿದ್ದಾಗ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತಂತೆ.

ಎಷ್ಟು ಗಂಟೆಯೊಳಗೆ ಮನೆ ಸೇರಬೇಕು?

ಇದಕ್ಕೆ ಸರಿಯಾದ ಅಳತೆ ಯುವಿ ಸೂಚ್ಯಂಕ. ಮೊಬೈಲಿನ ಹವಾಮಾನದ ಆ್ಯಪ್‌ನಲ್ಲಿ ತಾಪಮಾನದ ಕೆಳಗೆಲ್ಲೋ ಇರುತ್ತದೆ, ನಾವು ನೋಡುವುದಿಲ್ಲ ಅಷ್ಟೆ. 2ರವರೆಗೆ ಚಿಂತೆಯಿಲ್ಲ. 3 ದಾಟಿದರೆ ರಕ್ಷಣೆ ಬೇಕು. 8ರಿಂದ 10 ತುಂಬಾ ಜೋರು, 11ರ ಮೇಲೆ ವಿಪರೀತ. ಬೆಂಗಳೂರಿನ ಮಾರ್ಚ್, ಏಪ್ರಿಲ್ ಮಧ್ಯಾಹ್ನ 11 ದಾಟುವುದು ಮಾಮೂಲು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಯುವಿ ಹತ್ತು ಪರ್ಸೆಂಟಿನಷ್ಟು ಜಾಸ್ತಿ. "ನಮ್ಮ ಬೆಂಗಳೂರು ತಂಪು" ಎಂಬ ಮಾತು ಚರ್ಮದ ಮಟ್ಟಿಗೆ ಸುಳ್ಳು.

ಮೋಡವಿಲ್ಲದ ಏಪ್ರಿಲ್ ದಿನ ಬೆಂಗಳೂರಿನಲ್ಲಿ ಲೆಕ್ಕ ಹೆಚ್ಚುಕಡಿಮೆ ಹೀಗೆ. ಎಂಟೂವರೆ ಹೊತ್ತಿಗೆ ಸೂಚ್ಯಂಕ 3 ಮುಟ್ಟುತ್ತದೆ. ಹತ್ತಕ್ಕೆ 7–8 ಆಗಿರುತ್ತದೆ. ಆ ಒಂದೂವರೆ ಗಂಟೆಯಲ್ಲೇ ಎಲ್ಲ ಬದಲಾಗುವುದು. ಸೂರ್ಯ ನೆತ್ತಿಗೆ ಬರುವುದು ಸರಿಯಾಗಿ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಆಸುಪಾಸು. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ಹಾಗಾಗಿ ಮಧ್ಯಾಹ್ನ ಮೂರು ಗಂಟೆ ಇನ್ನೂ ಬಿಸಿಲಿನ ಹೊತ್ತೇ. ನಾಲ್ಕರ ಮೇಲೆ ಹೊರಡಿ.

ಮೊಬೈಲ್ ಇಲ್ಲದಿದ್ದರೆ ನೆರಳು ನೋಡಿ. ನೆರಳು ನಿಮಗಿಂತ ಉದ್ದ ಇದ್ದರೆ ಬಿಸಿಲು ಇನ್ನೂ ಅಷ್ಟು ಜೋರಿಲ್ಲ. ನಿಮಗಿಂತ ಕುಳ್ಳಗಾಯಿತೋ, ಮೈ ಮುಚ್ಚಿಕೊಳ್ಳಿ. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆ ಗಡಿ ಬರುವುದು ಸುಮಾರು ಒಂಬತ್ತೂ ಕಾಲಿಗೆ. ಏಪ್ರಿಲ್ 24ರ ಸುಮಾರಿಗಂತೂ ನಡು ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ.

ಮೋಡ ಇದ್ರೆ ಏನೂ ಬೇಡ ಅಲ್ವಾ?

ತೆಳು ಮೋಡ ಯುವಿಯ ಎಂಬತ್ತು ಪರ್ಸೆಂಟಿನವರೆಗೂ ಒಳಗೆ ಬಿಡುತ್ತದೆ. ಕಪ್ಪು ಕವಿದ ಮಳೆಮೋಡವಾದರೆ ಬಿಡಿ, ಆಗ ರೇನ್‌ಕೋಟ್ ಯೋಚನೆ ಮಾಡಿ. ಎಚ್ಚರ ಬೇಕಾದ ತಿಂಗಳು ಆಗಸ್ಟ್. ಬೆಂಗಳೂರಿನ ನೆತ್ತಿಗೆ ಸೂರ್ಯ ಎರಡನೇ ಸಲ ಬರುವುದು ಆಗಸ್ಟ್ 18ರ ಸುಮಾರಿಗೆ. ಮೋಡ ಸರಿದ ಆ ಅರ್ಧ ಗಂಟೆ ಏಪ್ರಿಲ್‌ಗೇನೂ ಕಡಿಮೆಯಲ್ಲ.

## ಬಟ್ಟೆಯ ಪ್ರಶ್ನೆಗಳು

ಇಂಥ ಸೆಕೆಯಲ್ಲಿ ಫುಲ್ ತೋಳಾ? ಬೆಂದು ಹೋಗಲ್ವಾ?

ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಇಡೀ ದಿನ ಬಿಸಿಲಲ್ಲಿ ಬಗ್ಗಿ ದುಡಿಯುವವರು ತೋಳು ಬಿಟ್ಟುಕೊಂಡು ಹೋಗುವುದಿಲ್ಲ. ಅವರಿಗೆ ಯಾರೂ ಯುವಿ ಪಾಠ ಮಾಡಿಲ್ಲ.

ನೇರ ಬಿಸಿಲು ಚರ್ಮಕ್ಕೆ ಬೀಳದಿದ್ದರೆ ಅಷ್ಟು ಶಾಖ ಉಳಿತಾಯ. ಬೆವರು ಹೀರಿದ ತೆಳು ಬಟ್ಟೆಗೆ ಗಾಳಿ ತಾಗಿದರೆ ಅದು ತಂಪೂ ಮಾಡುತ್ತದೆ. ತೋಳಿಗೆ ಮಾತ್ರ ಏರಿಸಿಕೊಳ್ಳುವ ಬಿಡಿ ತೋಳು, ಅಂದರೆ ಆರ್ಮ್ ಸ್ಲೀವ್ಸ್, ಇದೇ ಲೆಕ್ಕದ್ದು. ಬೆಳಗ್ಗೆ ಮಡಚಿ ಜೇಬಿನಲ್ಲಿಡಿ, ಬಿಸಿಲೇರಿದಾಗ ಏರಿಸಿಕೊಳ್ಳಿ.

ಆದರೆ ಊರು ನೋಡಿ ಉಪಾಯ. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಸ್ಲೀವ್ಸ್ ಮೇಲೆ ಬಾಟಲಿ ನೀರು ಸುರಿದುಕೊಂಡರೆ ಹತ್ತು ನಿಮಿಷ ಏರ್ ಕೂಲರ್ ಹಾಕಿದಂತೆ. ಮಂಗಳೂರಿನಲ್ಲಿ ಅದೇ ಮಾಡಿದರೆ ನೀರು ಆರುವುದೇ ಇಲ್ಲ, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡಂತೆ ಆಗುತ್ತದೆ ಅಷ್ಟೆ. ಕರಾವಳಿಯವರಿಗೆ ಮೈಗಂಟುವ ಸ್ಲೀವ್ಸ್‌ಗಿಂತ ತೆಳುವಾದ, ದೊಗಲೆ ತುಂಬುತೋಳಿನ ಅಂಗಿಯೇ ವಾಸಿ.

ಹಳೇ ಕಾಟನ್ ಟೀ ಶರ್ಟ್ ಸಾಲದಾ?

ಬಟ್ಟೆ ಎಷ್ಟು ಯುವಿ ತಡೆಯುತ್ತದೆ ಎಂಬುದರ ಅಳತೆ ಯುಪಿಎಫ್. ತೆಳು ಬಿಳಿ ಕಾಟನ್ ಟೀ ಶರ್ಟಿನದ್ದು ಸುಮಾರು 5ರಿಂದ 7. ಅಂದರೆ ಏಳರಲ್ಲೊಂದು, ಐದರಲ್ಲೊಂದು ಪಾಲು ಯುವಿ ಒಳಗೆ ನುಗ್ಗುತ್ತದೆ. ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ. ಯುಪಿಎಫ್ 50 ಎಂದು ಬರೆದಿರುವ ಬಟ್ಟೆ ಐವತ್ತರಲ್ಲಿ ಒಂದು ಪಾಲು ಮಾತ್ರ ಬಿಡುತ್ತದೆ.

ಆದರೆ ಚೀಟಿ ನೋಡಿಯೇ ಕೊಳ್ಳಬೇಕೆಂದೇನಿಲ್ಲ. ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ಆಚೆಯ ಬೆಳಕು ಚೆನ್ನಾಗಿ ಕಂಡರೆ ಬಿಸಿಲೂ ಹಾಗೇ ಬರುತ್ತದೆ. ನೇಯ್ಗೆ ಒತ್ತಾಗಿದ್ದಷ್ಟೂ ಒಳ್ಳೆಯದು. ಕಾಟನ್‌ಗಿಂತ ಪಾಲಿಯೆಸ್ಟರ್ ಯುವಿಯನ್ನು ಚೆನ್ನಾಗಿ ತಡೆಯುತ್ತದೆ, ಬೇಗ ಒಣಗುತ್ತದೆ. ಗಾಢ ಬಣ್ಣ ತಿಳಿ ಬಣ್ಣಕ್ಕಿಂತ ಮೇಲು. ಇನ್ನು, ಒಂದು ಸೈಜ್ ಚಿಕ್ಕ ಜೆರ್ಸಿ ಎಳೆದು ಹಾಕಿಕೊಂಡರೆ ನೂಲಿನ ನಡುವಿನ ಕಿಂಡಿ ತೆರೆದುಕೊಳ್ಳುತ್ತದೆ. ಹೊಟ್ಟೆಯ ಮೇಲೆ ಜೆರ್ಸಿ ಬಿಗಿದ ನಮ್ಮಂಥವರು ಗಮನಿಸಬೇಕು.

ಎಲ್ಲೆಲ್ಲಿ ಮರೆತು ಸುಟ್ಟುಕೊಳ್ತೀವಿ?

ನಡೆಯುವವರಿಗೆ ಸುಡುವ ಜಾಗವೇ ಬೇರೆ, ಸೈಕಲ್‌ನವರದ್ದೇ ಬೇರೆ. ಹ್ಯಾಂಡಲ್ ಮೇಲೆ ಬಗ್ಗಿದಾಗ ಕತ್ತಿನ ಹಿಂಭಾಗ ನೇರ ಆಕಾಶಕ್ಕೆ ಮುಖ ಮಾಡುತ್ತದೆ. ಕಿವಿಯ ಮೇಲಂಚು, ಮೊಣಕಾಲಿನ ಮೇಲಿನ ತೊಡೆ, ಮೀನಖಂಡದ ಹಿಂಬದಿ, ಮುಂಗೈ. ಬಗ್ಗಿದಾಗ ಅಂಗಿ ಮೇಲೇರಿ ಸೊಂಟದ ಹತ್ತಿರ ಎರಡು ಬೆರಳಗಲ ಬಯಲಾಗುತ್ತದೆ. ಅದು ಕನ್ನಡಿಯಲ್ಲಿ ಕಾಣದ ಜಾಗ, ಹಿಂದೆ ಬರುವವರಿಗೆ ಮಾತ್ರ ಗೊತ್ತು. ತುಟಿಯನ್ನೂ ಮರೆಯಬೇಡಿ. ಎಸ್‌ಪಿಎಫ್ ಇರುವ ಲಿಪ್ ಬಾಮ್ ಸಿಗುತ್ತದೆ.

ಹೆಲ್ಮೆಟ್ ಹಾಕಿರ್ತೀನಲ್ಲ, ತಲೆಗೆ ಇನ್ನೇನು?

ಕೂದಲು ದಟ್ಟವಾಗಿದ್ದರೆ ಏನೂ ಬೇಡ. ತೆಳ್ಳಗಾಗಿದ್ದರೆ ಹೆಲ್ಮೆಟ್ಟಿನ ಗಾಳಿಕಿಂಡಿಗಳ ಅಚ್ಚು ಬೋಳುತಲೆಯ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ನಮ್ಮ ಜೊತೆಯವರೊಬ್ಬರು ಎರಡು ವಾರ ಕಲ್ಲಂಗಡಿ ಹಣ್ಣಿನಂತೆ ಓಡಾಡಿದರು. ಒಳಗೆ ತೆಳು ಸೈಕ್ಲಿಂಗ್ ಟೋಪಿ ಹಾಕಿ. ಅದರ ಮುಂದೆ ಚಾಚಿದ ಪುಟ್ಟ ತುಂಡು ಮೂಗಿಗೂ ನೆರಳು ಕೊಡುತ್ತದೆ, ಅಂಚು ಬೆವರನ್ನೂ ಹೀರುತ್ತದೆ. ದಪ್ಪ ಟೋಪಿ ಬೇಡ, ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ.

ದುಪಟ್ಟಾ ಸುತ್ಕೊಂಡು ಓಡಿಸಬಹುದಾ?

ಸ್ಕೂಟರ್‌ನಲ್ಲಿ ಮುಖ, ಕತ್ತು ಎಲ್ಲ ಸುತ್ತಿಕೊಂಡು ಹೋಗುವ ಅಭ್ಯಾಸವನ್ನು ಸೈಕಲ್‌ಗೂ ತರುತ್ತಾರೆ. ಬಿಸಿಲಿಗೆ ಒಳ್ಳೆಯದೇ. ಆದರೆ ತುದಿ ಬಿಚ್ಚಿಕೊಂಡು ಹಿಂದಿನ ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಕತ್ತಿಗೇ ಕುತ್ತು. ಅದರ ಬದಲು ಬಫ್ ಎನ್ನುವ ಕೊಳವೆಯಂಥ ಬಟ್ಟೆ ಹಾಕಿ. ಕತ್ತಿನಿಂದ ಮೂಗಿನವರೆಗೆ ಎಳೆಯಬಹುದು, ತುದಿಯೇ ಇಲ್ಲ. ಏರು ಹತ್ತುವಾಗ ಮೂಗಿನಿಂದ ಕೆಳಗಿಳಿಸಿ, ಉಸಿರು ಕಟ್ಟುತ್ತದೆ.

ಕೂಲಿಂಗ್ ಗ್ಲಾಸ್ ಬೇಕೇ ಬೇಕಾ, ಸ್ಟೈಲಿಗಾ?

ಬೇಕು. ವರ್ಷಗಟ್ಟಲೆ ಯುವಿ ಬಿದ್ದರೆ ಕಣ್ಣಿನ ಪೊರೆ ಬೇಗ ಬರುತ್ತದೆ. ಯುವಿ 400 ಎಂದು ಬರೆದಿರಬೇಕು. ಬರೀ ಕಪ್ಪು ಗಾಜು, ಯುವಿ ತಡೆ ಇಲ್ಲ ಅಂದರೆ ಇನ್ನೂ ಕೆಟ್ಟದ್ದು. ಕತ್ತಲೆಂದು ಕಣ್ಣಿನ ಪಾಪೆ ಅಗಲವಾಗುತ್ತದೆ, ಯುವಿ ಮಾತ್ರ ಸರಾಗ ಒಳಗೆ ಹೋಗುತ್ತದೆ. ಧೂಳು, ಹುಳಕ್ಕೂ ಅದೇ ಕನ್ನಡಕ ಆಗುತ್ತದೆ.

## ಕ್ರೀಮಿನ ಪ್ರಶ್ನೆಗಳು

ಎಸ್‌ಪಿಎಫ್ 30 ತಗೊಳ್ಳೋದಾ, 50 ತಗೊಳ್ಳೋದಾ? ಪಿಎ ಪ್ಲಸ್ ಪ್ಲಸ್ ಅಂದ್ರೇನು?

ಸರಿಯಾಗಿ ಹಚ್ಚಿದರೆ 30 ತಡೆಯುವುದು ಸುಮಾರು 97 ಪರ್ಸೆಂಟ್, 50 ತಡೆಯುವುದು 98. ಕಾಗದದ ಮೇಲೆ ವ್ಯತ್ಯಾಸ ಒಂದೇ ಪರ್ಸೆಂಟ್. ಆದರೂ 50 ಕೊಳ್ಳಿ ಎನ್ನುತ್ತೇನೆ. ಯಾಕೆಂದರೆ ಸರಿಯಾಗಿ ಹಚ್ಚುವವರೇ ಇಲ್ಲ.

ಎಸ್‌ಪಿಎಫ್ ಮುಖ್ಯವಾಗಿ ಸುಡುವ ಯುವಿಬಿಯ ಲೆಕ್ಕ. ಕಪ್ಪಗೆ ಮಾಡುವ, ಸುಕ್ಕು ತರುವ ಯುವಿಎ ಲೆಕ್ಕಕ್ಕೆ ಪಿಎ ಗುರುತು. ಅದು ಜಪಾನಿನ ಪದ್ಧತಿ, ಪ್ಲಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ನಾಲ್ಕು ಪ್ಲಸ್ ಮೇಲ್ಮಟ್ಟ, ಮೂರಾದರೂ ಇರಲಿ. ಜೊತೆಗೆ ಟ್ಯೂಬಿನ ಮೇಲೆ ನೀರಿಗೆ ಹೋಗುವುದಿಲ್ಲ ಎಂಬರ್ಥದ ಮಾತಿದೆಯಾ ನೋಡಿ. ಅದು ಕೂಡ 40 ನಿಮಿಷ ಅಥವಾ 80 ನಿಮಿಷದ ಮಾತು, ಇಡೀ ದಿನದ್ದಲ್ಲ.

ಟ್ಯೂಬ್ ದುಬಾರಿ ಸ್ವಾಮಿ. ಎಷ್ಟು ಹಚ್ಚಬೇಕು?

ಇದಕ್ಕೆ ಸ್ವಲ್ಪ ಲೆಕ್ಕ ಮಾಡೋಣ. ಎಸ್‌ಪಿಎಫ್ ಪರೀಕ್ಷೆ ಮಾಡುವಾಗ ಒಂದು ಚದರ ಸೆಂ.ಮೀ. ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚುತ್ತಾರೆ. ದೊಡ್ಡವರ ಇಡೀ ಮೈಗೆ ಅದು 34 ಗ್ರಾಂನಷ್ಟು. ಅರ್ಧ ತೋಳು, ಚಡ್ಡಿ ಹಾಕಿ ಹೊರಟವರ ಮುಖ, ಕತ್ತು, ಕೈ, ಕಾಲು ಸೇರಿದರೆ ಮೈಯ ಮೂರನೇ ಒಂದು ಪಾಲು ಬಯಲು. ಅಂದರೆ 12 ಗ್ರಾಂ. 50 ಗ್ರಾಂ ಟ್ಯೂಬ್ ನಾಲ್ಕೇ ಸವಾರಿಗೆ ಖಾಲಿ. ನಡುವೆ ಇನ್ನೊಂದು ಸಲ ಹಚ್ಚಿದರೆ ಎರಡಕ್ಕೇ.

ಯಾರಾದರೂ ಹಾಗೆ ಖರ್ಚು ಮಾಡುವುದನ್ನು ನೋಡಿದ್ದೀರಾ? ನಮ್ಮ ಮನೆಯ ಟ್ಯೂಬ್ ಮೊದಲೆಲ್ಲ ಆರು ತಿಂಗಳು ಬರುತ್ತಿತ್ತು. ಅರ್ಥ ಇಷ್ಟೇ, ನಾನು ಹಚ್ಚುತ್ತಿದ್ದದ್ದು ಬರೀ ಶಾಸ್ತ್ರಕ್ಕೆ. ತೆಳ್ಳಗೆ ಸವರಿದರೆ 50 ಎಂಬುದು ಹೆಸರಿಗೆ ಮಾತ್ರ.

ಈಗ ಇನ್ನೊಂದು ಲೆಕ್ಕ. ತೋಳು, ಮುಂಗೈ, ಕಾಲು ಬಟ್ಟೆಯಲ್ಲಿ ಮುಚ್ಚಿಬಿಟ್ಟರೆ ಉಳಿಯುವುದು ಮುಖ, ಕಿವಿ, ಕತ್ತು. ಸುಮಾರು 3 ಗ್ರಾಂ ಸಾಕು. ಅದೇ ಟ್ಯೂಬ್ ಹದಿನಾರು ಸಲ ಬರುತ್ತದೆ. ಸ್ಲೀವ್ಸ್‌ಗೆ ಕೊಟ್ಟ ದುಡ್ಡು ಬೇಗ ವಾಪಸ್. ಮುಖ, ಕತ್ತಿಗೆ ಅಳತೆ ಬೇಕಾದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಂತೆ ಕ್ರೀಮ್ ಹಿಂಡಿ. ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹಚ್ಚಿ. ಆಮೇಲೆ ಅಂಗೈ ಒರೆಸಿಕೊಳ್ಳಿ, ಇಲ್ಲದಿದ್ದರೆ ಹ್ಯಾಂಡಲ್ ಜಾರುತ್ತದೆ.

ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತೆ, ಉರಿ ತಡೆಯೋಕಾಗಲ್ಲ. ಅದಕ್ಕೇ ಬಿಟ್ಟುಬಿಟ್ಟೆ.

ಹೆಚ್ಚಿನವರು ಬಿಡುವುದು ಇದೇ ಕಾರಣಕ್ಕೆ. ಇಳಿಜಾರಿನಲ್ಲಿ ಎರಡೂ ಕಣ್ಣು ಮುಚ್ಚಿಕೊಂಡರೆ ಬಿಸಿಲಿಗಿಂತ ದೊಡ್ಡ ಅಪಾಯ. ಹಣೆಗೆ ಕ್ರೀಮೇ ಬೇಡ. ಟೋಪಿಯನ್ನೋ ಹಣೆಪಟ್ಟಿಯನ್ನೋ ಹುಬ್ಬಿನ ತನಕ ಎಳೆಯಿರಿ, ಹಣೆಯ ಕೆಲಸ ಅದೇ ಮಾಡುತ್ತದೆ. ಕಣ್ಣಿನ ಸುತ್ತ ಕನ್ನಡಕ ಕಾಯುತ್ತದೆ. ಮೂಗು, ಕೆನ್ನೆ, ಕಿವಿಗೆ ಝಿಂಕ್ ಆಕ್ಸೈಡ್ ಇರುವ ಕ್ರೀಮ್ ಅಥವಾ ಕಡ್ಡಿಯಂಥ ಸ್ಟಿಕ್ ಹಚ್ಚಿ. ಅದು ಅಷ್ಟಾಗಿ ಹರಿಯುವುದಿಲ್ಲ, ಕಣ್ಣಿಗೂ ಉರಿ ಕಡಿಮೆ.

ಝಿಂಕ್ ಹಚ್ಚಿದ್ರೆ ಮುಖಕ್ಕೆ ವಿಭೂತಿ ಬಳಿದ ಹಾಗಿರುತ್ತೆ.

ಇರುತ್ತದೆ, ಸುಳ್ಳು ಹೇಳುವುದಿಲ್ಲ. ಕ್ರಿಕೆಟ್ ಆಟಗಾರರು ಮೂಗಿಗೆ ಬೆಳ್ಳಗೆ ಬಳಿದುಕೊಳ್ಳುತ್ತಿದ್ದದ್ದೂ ಅದನ್ನೇ. ಸೈಕಲ್ ಮೇಲೆ ನಿಮ್ಮನ್ನು ಯಾರು ನೋಡುತ್ತಾರೆ? ಆಫೀಸಿಗೆ ಹೋಗುವವರಾದರೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಸಿಗುತ್ತದೆ, ನಮ್ಮ ಮೈಬಣ್ಣಕ್ಕೆ ಹೊಂದುತ್ತದೆ. ಇಲ್ಲವೇ ಝಿಂಕ್ ಇಲ್ಲದ ಜೆಲ್ ಬಳಸಿ. ಹಚ್ಚದೇ ಇರುವುದಕ್ಕಿಂತ ಅದು ಮೇಲು.

ಕೊಬ್ಬರಿ ಎಣ್ಣೆ, ನಿಂಬೆಹಣ್ಣು ಸಾಕಲ್ವಾ? ಅಜ್ಜಿ ಹೇಳ್ತಿದ್ರು.

ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿ, ಒಣ ಚರ್ಮಕ್ಕೆ ಹಿತ. ಬಿಸಿಲು ತಡೆಯುವ ಶಕ್ತಿ ಅದಕ್ಕೆ ನೆಚ್ಚಿಕೊಳ್ಳುವಷ್ಟಿಲ್ಲ. ಮೇಲೆ ರಸ್ತೆಯ ಧೂಳೆಲ್ಲ ಅಂಟುತ್ತದೆ.

ನಿಂಬೆಯ ವಿಷಯ ಗಂಭೀರ. ನಿಂಬೆರಸ ಅಂಟಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ. ರಸದಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ಜೊತೆ ಸೇರಿ ಮಾಡುವ ಕೆಲಸ ಅದು. ಟ್ಯಾನ್ ಹೋಗಲೆಂದು ನಿಂಬೆ ಉಜ್ಜಿ, ಮಾರನೇ ದಿನ ಸೈಕಲ್ ಹತ್ತಿ, ಇನ್ನಷ್ಟು ಕಪ್ಪಾದವರು ನನಗೇ ಇಬ್ಬರು ಗೊತ್ತು. ದಾರಿಯಲ್ಲಿ ನಿಂಬೆ ಸೋಡಾ ಕುಡಿದು ಕೈಗೆ ರಸ ಚೆಲ್ಲಿಕೊಂಡರೂ ತೊಳೆದುಕೊಂಡೇ ಹೊರಡಿ.

ಬಿಳಿ ಜೆರ್ಸಿ ಕಾಲರಿನ ಮೇಲೆ ಹಳದಿ ಕಲೆ. ಏನ್ ತಿಕ್ಕಿದ್ರೂ ಹೋಗ್ತಿಲ್ಲ!

ಹಲವು ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆಂಜೋನ್ ಎಂಬ ವಸ್ತು ಇರುತ್ತದೆ. ಬೋರ್‌ವೆಲ್ ನೀರಿನ ಕಬ್ಬಿಣದ ಜೊತೆ ಅದು ಸೇರಿದರೆ ತುಕ್ಕಿನಂಥ ಕಲೆ. ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ. ತುಕ್ಕಿನ ಕಲೆಗೆ ಮಾಡುವಂತೆ ನಿಂಬೆರಸ ಹಚ್ಚಿ ನೆನೆಸಿ ಒಗೆಯಿರಿ. ನಿಂಬೆಗೆ ಇಲ್ಲಿ ಕೆಲಸವಿದೆ! ಒಗೆದವರು ಕೈ ತೊಳೆದೇ ಬಿಸಿಲಿಗೆ ಬನ್ನಿ.

## ಸುಟ್ಟ ಮೇಲೆ, ಮತ್ತೆ ಸ್ವಲ್ಪ ಗಟ್ಟಿ ಪ್ರಶ್ನೆಗಳು

ಕತ್ತು ಸುಟ್ಟು ಹೋಗಿದೆ. ಈಗೇನು ಮಾಡಲಿ?

ತಣ್ಣೀರು, ಅದೇ ಮೊದಲ ಔಷಧ. ಒದ್ದೆ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ, ಮತ್ತೆ ಇಡಿ. ಐಸ್ ನೇರವಾಗಿ ಬೇಡ. ಟೂತ್‌ಪೇಸ್ಟ್, ಅರಿಶಿನ, ತುಪ್ಪ ಯಾವುದೂ ಬೇಡ. ಚರ್ಮ ಇನ್ನೂ ಒದ್ದೆಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಲೋಳೆಸರದ ಜೆಲ್ ಹಚ್ಚಿ. ಚೆನ್ನಾಗಿ ನೀರು, ಮಜ್ಜಿಗೆ ಕುಡಿಯಿರಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಸಿಪ್ಪೆ ಏಳುವಾಗ ಕೀಳಬೇಡಿ, ಕಲೆ ಉಳಿಯುತ್ತದೆ. ಅಗಲಕ್ಕೆ ಬೊಬ್ಬೆ ಎದ್ದರೆ, ಜ್ವರ, ವಾಂತಿ ಬಂದರೆ ಡಾಕ್ಟರ್ ಹತ್ತಿರ ಹೋಗಿ. ವಾಸಿಯಾಗುವ ತನಕ ಆ ಜಾಗಕ್ಕೆ ಬಿಸಿಲು ತಾಗಲೇಬಾರದು.

ಮೈ ಮುಚ್ಚಿದ್ರೆ ಬೆವರುಸಾಲೆ ಬರುತ್ತೆ. ಬಿಸಿಲೇ ವಾಸಿ ಅನ್ಸುತ್ತೆ.

ಬೆವರಿನ ರಂಧ್ರ ಕಟ್ಟಿಕೊಂಡರೆ ಬೆವರುಸಾಲೆ. ದಪ್ಪ ಕ್ರೀಮ್ ಬಳಿದು ಅದರ ಮೇಲೆ ಬಿಗಿ ಬಟ್ಟೆ ಹಾಕಿದರೆ ಖಂಡಿತ ಬರುತ್ತದೆ. ಬಟ್ಟೆ ಇರುವ ಕಡೆ ಕ್ರೀಮ್ ಬೇಡ, ಕ್ರೀಮ್ ಇರುವ ಕಡೆ ಬಟ್ಟೆ ಬೇಡ. ಮನೆಗೆ ಬಂದ ತಕ್ಷಣ ಒದ್ದೆ ಜೆರ್ಸಿಯಲ್ಲೇ ಕಾಫಿ ಕುಡಿಯುತ್ತಾ ಕೂರಬೇಡಿ. ಸ್ನಾನ ಮಾಡಿ.

200 ಕಿ.ಮೀ. ಬ್ರೆವೆಗೆ ಹೆಸರು ಕೊಟ್ಟಿದೀನಿ. ಇಡೀ ದಿನ ಹೇಗೆ?

ಬ್ರೆವೆ ಎಂದರೆ ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಅದರಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಟೈಮು. ಬೆಳಗ್ಗೆ ಆರಕ್ಕೆ ಹೊರಟರೆ ಸಂಜೆ ಏಳೂವರೆ. ಗಡಿಯಾರದ ಉಪಾಯ ಇಲ್ಲಿ ನಡೆಯುವುದಿಲ್ಲ. ತಲೆಯಿಂದ ಪಾದದ ತನಕ ಬಟ್ಟೆಯೇ ಗತಿ.

ಕ್ರೀಮನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು. ಸಣ್ಣ ಡಬ್ಬಿಯಲ್ಲಿ ತುಂಬಿ ಜೆರ್ಸಿ ಜೇಬಿನಲ್ಲಿಡಿ. ಸೀಟಿನ ಕೆಳಗಿನ ಚೀಲದಲ್ಲಿಟ್ಟರೆ ತೆಗೆಯುವುದೇ ಇಲ್ಲ. ಹಚ್ಚುವ ಮುಂಚೆ ಒದ್ದೆ ಕರ್ಚೀಫಿನಿಂದ ಮುಖದ ಉಪ್ಪು, ಧೂಳು ಒರೆಸಿ. ಇಲ್ಲದಿದ್ದರೆ ಮರಳು ಕಾಗದ ತಿಕ್ಕಿದಂತಾಗುತ್ತದೆ. ಚೈನ್ ಮುಟ್ಟಿದ ಕೈಯಲ್ಲಿ ಮುಖ ಮುಟ್ಟಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ. ನಾನು ಮುಟ್ಟಿದ್ದೇನೆ, ಫೋಟೋ ಇದೆ.

ದಾರಿಯ ದಿಕ್ಕನ್ನೂ ನೋಡಿ. ಬೆಂಗಳೂರಿನಿಂದ ಬೆಳಗ್ಗೆ ಕೋಲಾರದ ಕಡೆ ಹೊರಟರೆ ಸೂರ್ಯ ಎದುರಿಗೆ. ಮಧ್ಯಾಹ್ನದ ಮೇಲೆ ವಾಪಸ್ ಬರುವಾಗಲೂ ಎದುರಿಗೇ. ಮೂಗು, ತುಟಿ, ತೊಡೆಗೆ ಎರಡೂ ಹೊತ್ತು ಪೂಜೆ. ಮಾಗಡಿಯ ಕಡೆ ಹೋಗಿ ಬಂದರೆ ಎರಡೂ ಸಲ ಸೂರ್ಯ ಬೆನ್ನಿಗೆ. ಆಗ ಕತ್ತು, ಮೀನಖಂಡ ಜೋಪಾನ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತದೆ. ದಿನವಿಡೀ ಪಶ್ಚಿಮಕ್ಕೆ ಓಡಿಸುವ ಟೂರ್‌ಗೆ ಹೋದರೆ ಎಡಗೈ, ಎಡಗೆನ್ನೆ ಮಾತ್ರ ಕಪ್ಪಾಗುತ್ತದೆ.

ನಾನು ಡೆಲಿವರಿ ಮಾಡೋನು. ಮಧ್ಯಾಹ್ನನೇ ಆರ್ಡರ್ ಬರೋದು. ನಂಗೇನು ಹೇಳ್ತೀರಾ?

ಬೆಳಗ್ಗೆ ಹೋಗಿ ಎಂದು ನಿಮಗೆ ಹೇಳುವುದು ಹಾಸ್ಯವಾದೀತು. ದುಬಾರಿ ಕ್ರೀಮ್ ಎರಡು ಗಂಟೆಗೊಮ್ಮೆ ಎನ್ನುವುದೂ ಅಷ್ಟೇ. ತುಂಬುತೋಳು, ಬೆರಳು ಮುಚ್ಚುವ ತೆಳು ಗ್ಲೌಸ್, ಬಫ್, ಕಾಲು ತುಂಬ ಪ್ಯಾಂಟ್: ಒಂದು ಸಲದ ಖರ್ಚು. ಎರಡು ಜೊತೆ ಇಟ್ಟುಕೊಳ್ಳಿ, ದಿನಾ ಒಗೆಯಬೇಕಲ್ಲ. ದುಡ್ಡು ಉಳಿದರೆ ಮೂಗು, ಕೆನ್ನೆಗೆ ಮಾತ್ರ ಒಂದು ಸ್ಟಿಕ್.

ಆರ್ಡರ್‌ಗೆ ಕಾಯುವ ಹೊತ್ತೇ ಎಲ್ಲಕ್ಕಿಂತ ಜಾಸ್ತಿ ಬಿಸಿಲು ತಿನ್ನಿಸುವುದು. ಹೋಟೆಲ್ ಬಾಗಿಲಲ್ಲಿ ನಿಲ್ಲುವ ಬದಲು ಹೊಂಗೆಯೋ ಮಳೆಮರವೋ ಹುಡುಕಿ. ಒಂದೇ ಛತ್ರಿಯ ನೆರಳಿಗೆ ಸುತ್ತಲಿನ ಆಕಾಶದಿಂದ ಚದುರಿದ ಯುವಿ ಬರುತ್ತದೆ. ದಟ್ಟ ಮರದಡಿ ಆಕಾಶವೇ ಕಾಣುವುದಿಲ್ಲ. ತಲೆನೋವು, ವಾಕರಿಕೆ, ಕಾಲು ಸೆಟೆದುಕೊಳ್ಳುವುದು ಶುರುವಾದರೆ ಆರ್ಡರ್ ಬಿಟ್ಟು ನೆರಳಿಗೆ ಹೋಗಿ, ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಕುಡಿಯಿರಿ. ಜೊತೆಯವನು ತೊದಲಿದರೆ, ಏನೇನೋ ಮಾತಾಡಿದರೆ ಅದು ಬಿಸಿಲಾಘಾತ. ಮೈಮೇಲೆ ನೀರು ಸುರಿಯುತ್ತಾ, ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಿ.

ಮಗಳು ಸೈಕಲ್‌ನಲ್ಲಿ ಸ್ಕೂಲಿಗೆ ಹೋಗ್ತಾಳೆ. ಅವಳಿಗೆ ಏನು ಮಾಡಲಿ?

2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿ ದಾರಿಯಲ್ಲಿ ಹೆಣ್ಣುಮಕ್ಕಳ ಸಾಲು ಸಾಲು ಸೈಕಲ್ ನೋಡುವುದೇ ಚೆಂದವಾಗಿತ್ತು. ಬೆಳಗ್ಗೆ ಹೋಗಿ ಸಂಜೆ ಬರುವ ದಿನ ದೊಡ್ಡ ಚಿಂತೆಯಿಲ್ಲ. ಕಷ್ಟ ಶನಿವಾರ. ಬೆಳಗಿನ ಶಾಲೆ ಮುಗಿಸಿ ಮಕ್ಕಳು ಹೊರಡುವುದು ಸೂರ್ಯ ನೆತ್ತಿಯ ಹತ್ತಿರ ಬಂದ ಹೊತ್ತಿಗೆ. ಆವತ್ತು ಅಗಲ ಅಂಚಿನ ಟೋಪಿ, ಸಮವಸ್ತ್ರದ ಮೇಲೆ ಒಂದು ತುಂಬುತೋಳಿನ ಅಂಗಿ ಚೀಲದಲ್ಲಿ ಹಾಕಿ ಕಳಿಸಿ. ಟೋಪಿಗೆ ದಾರ ಇರಲಿ, ಹಾರಿದ ಟೋಪಿ ಹಿಡಿಯಲು ಹೋಗಿ ಬೀಳುವವರೇ ಜಾಸ್ತಿ. ನೀರಿನ ಬಾಟಲಿ ತುಂಬಿಸಿಕೊಂಡೇ ಹೊರಡಲು ಹೇಳಿ.

ಮಾತ್ರೆ ತಗೋತಾ ಇದೀನಿ. ಅದಕ್ಕೂ ಬಿಸಿಲಿಗೂ ಸಂಬಂಧ ಇದೆಯಾ?

ಕೆಲವಕ್ಕೆ ಇದೆ. ಮೊಡವೆಗೂ ಇಲಿಜ್ವರಕ್ಕೂ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಮೊಡವೆಯ ಐಸೋಟ್ರೆಟಿನಾಯಿನ್ ಚರ್ಮವನ್ನು ಬಿಸಿಲಿಗೆ ಮೆತ್ತಗೆ ಮಾಡುತ್ತವೆ. ಅರ್ಧ ಗಂಟೆಯಲ್ಲೇ ಸುಡಬಹುದು. ನೀವೇ ಮಾತ್ರೆ ನಿಲ್ಲಿಸಬೇಡಿ. ಸೈಕಲ್ ಹೊಡೆಯುತ್ತೇನೆ ಎಂದು ಡಾಕ್ಟರಿಗೆ ಹೇಳಿ.

ಬಂಗು ಇದೆ, ಸನ್‌ಸ್ಕ್ರೀನ್ ಹಚ್ಚಿದ್ರೂ ಜಾಸ್ತಿ ಆಗ್ತಿದೆ.

ಬಂಗು ಹೆಚ್ಚಿಸುವುದು ಯುವಿ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬೇಕು, ಮೇಲೆ ಬಫ್. ತೊನ್ನು ಇರುವವರಿಗೆ ಆ ಬಿಳಿ ಜಾಗದಲ್ಲಿ ಮೆಲನಿನ್ ಇಲ್ಲ. ಅಲ್ಲಿ ಬಟ್ಟೆ ತಪ್ಪಿಸಲೇಬೇಡಿ.

ಇಷ್ಟೆಲ್ಲ ಮುಚ್ಚಿದ್ರೆ ವಿಟಮಿನ್ ಡಿ ಎಲ್ಲಿಂದ ಬರಬೇಕು?

ಯಾರೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಯಾರೂ ಪೂರ್ತಿ ಹಚ್ಚಿಕೊಳ್ಳುವುದಿಲ್ಲ. ಸಂದಿಯಲ್ಲಿ ಸಾಕಷ್ಟು ಬಿಸಿಲು ಬೀಳುತ್ತದೆ. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಡಾಕ್ಟರ್ ಹೇಳಿದ ಮಾತ್ರೆ ತೆಗೆದುಕೊಳ್ಳಿ. ಅದಕ್ಕಾಗಿ ಕತ್ತು ಸುಟ್ಟುಕೊಳ್ಳಬೇಕಿಲ್ಲ.

ಈ ಟ್ಯಾನ್ ಗೆರೆ ಎಷ್ಟು ದಿನಕ್ಕೆ ಹೋಗುತ್ತೆ? ಮುಂದಿನ ತಿಂಗಳು ಮದುವೆ ಇದೆ.

ಚರ್ಮದ ಮೇಲ್ಪದರ ಹೊಸದಾಗಲು ಒಂದು ತಿಂಗಳ ಮೇಲೆ ಬೇಕು. ನಮ್ಮ ಮೈಬಣ್ಣದಲ್ಲಿ ಗೆರೆ ಪೂರ್ತಿ ಮಾಯಲು ಎರಡು ಮೂರು ತಿಂಗಳಾದರೂ ಆಗಬಹುದು. ಇವತ್ತಿನಿಂದಲೇ ತುಂಬುತೋಳು ಹಾಕಿ. ಉಜ್ಜುವುದು, ಬ್ಲೀಚ್ ಮಾಡಿಸುವುದು ಬೇಡ, ಚರ್ಮ ಕೆರಳಿ ಇನ್ನೂ ಕಪ್ಪಾಗುತ್ತದೆ. ನನ್ನ ಬೆರಳಿಲ್ಲದ ಗ್ಲೌಸಿನ ಹಿಂದೆ ಒಂದು ರೂಪಾಯಿ ಅಗಲದ ಕಿಂಡಿಯಿತ್ತು. ಎರಡೂ ಮುಂಗೈ ಮೇಲೆ ದುಂಡನೆಯ ಕಪ್ಪು ಚುಕ್ಕೆ. ತಂಗಿಯ ಮದುವೆಯಲ್ಲಿ ಅಡಿಕೆ ತಟ್ಟೆ ಹಿಡಿದು ನಿಂತಿದ್ದೆ. ಅಮ್ಮನ ಕಡೆಯ ದೊಡ್ಡಮ್ಮ ಕೈ ಹಿಡಿದು ನೋಡಿ, "ಏನೋ ಇದು, ದೃಷ್ಟಿಬೊಟ್ಟು ಕೈಗೆ ಇಟ್ಕೊಂಡಿದೀಯಾ?" ಎಂದರು.